ಹಳೆ ಸಂಬಳದ ದಾಖಲೆಗೆ ಬೀಗ ಬೀಳುವ ಮೊದಲು

ಕಾಸರಗೋಡಿನ ಕಚೇರಿಗಳ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ, ಅಂದರೆ ನೌಕರರ ಸೇವೆ, ಸಂಬಳದ ಕಡತ ನೋಡುವ ವಿಭಾಗದಲ್ಲಿ, ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಒಂದು ಸಾರ್ವಜನಿಕ ವಲಯದ ಸಂಸ್ಥೆಯ ಅದೇ ಸೆಕ್ಷನ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ವಿಷಯ ಇಷ್ಟು: ಸಂಬಳದ ಲೆಕ್ಕ ಹೊಸ ತಂತ್ರಾಂಶಕ್ಕೆ ಹೋಗಿ ಆಗಿದೆ. ಹಳೆಯದರಲ್ಲಿ ಇಪ್ಪತ್ತು ವರ್ಷದ ಸಂಬಳದ ವಿವರ ಉಳಿದಿದೆ. ಅದನ್ನು ತೆರೆದು ನೋಡುವುದಕ್ಕಷ್ಟೇ ಒಂದು ಕಂಪನಿಯ ಜತೆ ಒಪ್ಪಂದ ಇದೆ. ಆ ಒಪ್ಪಂದದ ಅವಧಿ ಮುಗಿಯುತ್ತ ಬಂದಿದೆ. ಈಗ ಏನು ಮಾಡಬೇಕು?

ರಾಜ್ಯ ಸರಕಾರದ ಇಲಾಖೆಗಳವರಿಗೆ ಈ ತಲೆಬಿಸಿ ಕಡಿಮೆ. ಅವರ ಸಂಬಳದ ಬಿಲ್ಲು ಸರಕಾರದ ಸ್ಪಾರ್ಕ್ ತಂತ್ರಾಂಶದಲ್ಲಿ ತಯಾರಾಗುತ್ತದೆ, ಒಬ್ಬೊಬ್ಬರಿಗೂ ಪೆನ್ ಅನ್ನುವ ಖಾಯಂ ನೌಕರ ನಂಬರಿದೆ. ನಿಗಮ, ಮಂಡಳಿ, ಸ್ವಾಯತ್ತ ಸಂಸ್ಥೆಗಳಲ್ಲಿ ಹಾಗಲ್ಲ. ಒಂದೊಂದು ಕಡೆ ಒಂದೊಂದು ಕಂಪನಿ ಬರೆದುಕೊಟ್ಟ ತಂತ್ರಾಂಶ. ಸಂಸ್ಥೆಯೇ ಕೈ ಬದಲಾಯಿಸಿದ್ದೂ ಉಂಟು. ರಾಜ್ಯದ ವಿದ್ಯುತ್ ಯಂತ್ರಗಳ ಉದ್ದಿಮೆ ಕೆಲ್‌ನ ಬೆದ್ರಡ್ಕ ಘಟಕ 2011ರಲ್ಲಿ ಕೇಂದ್ರದ ಬಿಎಚ್‌ಇಎಲ್ ಪಾಲುದಾರಿಕೆಗೆ ಹೋಗಿ, 2021ರಲ್ಲಿ ರಾಜ್ಯ ಸರಕಾರಕ್ಕೆ ಮರಳಿ, ಈಗ ಕೆಲ್-ಇಎಂಎಲ್ ಆಗಿದೆ. ಒಬ್ಬನೇ ಕೆಲಸಗಾರನ ಸೇವೆ ಮೂರು ಹೆಸರುಗಳಡಿ ಹರಡಿರುವಾಗ ಹಳೆಯ ಸಂಬಳದ ಪಟ್ಟಿಗೆ ಎಷ್ಟು ತೂಕ ಅನ್ನುವುದು ಆ ಸೆಕ್ಷನ್‌ನಲ್ಲಿ ಕೂತವರಿಗೆ ಗೊತ್ತು.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ 2023ರ ಒಂದು ಮಳೆಗಾಲ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಇಪಿಎಫ್ ಹೆಚ್ಚಿನ ಪಿಂಚಣಿಯ ತೀರ್ಪು ಕೊಟ್ಟಿತ್ತು. ಮಿತಿಗಿಂತ ಹೆಚ್ಚಿನ, ಅಂದರೆ ನಿಜವಾದ ಸಂಬಳದ ಮೇಲೆ ಪಿಎಫ್ ಕಟ್ಟುತ್ತಿದ್ದವರು ಹೆಚ್ಚಿನ ಪಿಂಚಣಿಗೆ ಜಂಟಿ ಆಯ್ಕೆಯ ಅರ್ಜಿ, ಅಂದರೆ ನೌಕರ ಮತ್ತು ಸಂಸ್ಥೆ ಸೇರಿ ಕೊಡುವ ಅರ್ಜಿ, ಹಾಕಬಹುದು ಅಂತಾಯಿತು. ಆದರೆ ಅರ್ಜಿಯ ಜತೆ ಉದ್ಯೋಗದಾತ ಸಂಸ್ಥೆ ತಿಂಗಳು ತಿಂಗಳ ಸಂಬಳದ ವಿವರ ಕೊಡಬೇಕಿತ್ತು, ಪಿಂಚಣಿ ಯೋಜನೆ ಶುರುವಾದ 1995ರ ನವೆಂಬರ್ 16ರಿಂದ. ಆ ಕಾಲಕ್ಕೆ ಪಿಂಚಣಿಯ ಸಂಬಳ ಮಿತಿ 5000 ರೂಪಾಯಿ, 2001ರ ಜೂನ್‌ನಿಂದ 6500, 2014ರ ಸೆಪ್ಟೆಂಬರ್‌ನಿಂದ 15000. ಈ ಮೂರೂ ಕಾಲದ ಲೆಕ್ಕ ಬೇಕು.

ಪೆರ್ಲ ಕಡೆಯಿಂದ ಎರಡು ಬಸ್ಸು ಬದಲಿಸಿ ಒಬ್ಬರು ಅಕ್ಕ ಬಂದರು. ನಮ್ಮಲ್ಲೇ ದುಡಿದು 2019ರಲ್ಲಿ ನಿವೃತ್ತರಾದವರು. ಅವರ ಕಾಗದ ತೆಗೆದುಕೊಂಡು ಹಳೆಯ ತಂತ್ರಾಂಶ ತೆರೆಯಹೋದರೆ ತೆರೆಯಲಿಲ್ಲ. ಒಪ್ಪಂದ ಮಾರ್ಚ್ 31ಕ್ಕೇ ಮುಗಿದಿತ್ತು. ನವೀಕರಣದ ಕಡತ ನನ್ನ ಮೇಜಿನಿಂದ ಹೊರಟದ್ದೇ ಮಾರ್ಚ್ ಎರಡನೇ ವಾರದಲ್ಲಿ. ಆ ತಡ ನನ್ನದು. ಕಂಪನಿಯವರು ಅವಧಿ ಮುಗಿದ ಒಪ್ಪಂದವನ್ನು ಮುಂದುವರಿಸಲು ಬರುವುದಿಲ್ಲ, ಹೊಸ ದರಕ್ಕೆ ಹೊಸ ಒಪ್ಪಂದ ಆಗಬೇಕು ಅಂದರು. ಅದು ಸರಿಯೂ ಹೌದು. ಆ ಅಕ್ಕ ಮತ್ತೆರಡು ಸಲ ಬಂದರು. "ನಾನು ಕೆಲಸ ಮಾಡಿದ್ದು ಸುಳ್ಳಾ ಸಾರೇ?" ಅಂತ ಕೊನೆಯ ಸಲ ಕೇಳಿದರು. ಸ್ವಲ್ಪ ವರ್ಷದ ಲೆಕ್ಕ ಗೆದ್ದಲು ಹಿಡಿದ ಅಕ್ವಿಟೆನ್ಸ್ ರೋಲ್‌ಗಳಲ್ಲಿ, ಅಂದರೆ ಸಂಬಳ ಪಡೆದವರು ಸಹಿ ಹಾಕುವ ಪಟ್ಟಿಗಳಲ್ಲಿ, ಸಿಕ್ಕಿತು, ಉಳಿದದ್ದು ಪ್ರವೇಶ ಮರಳಿದ ಮೇಲೆ. ಸಂಸ್ಥೆಗಳು ವಿವರ ಕೊಡುವ ಗಡುವನ್ನು ಇಪಿಎಫ್ಒ ಮತ್ತೆ ಮತ್ತೆ ಮುಂದೆ ಹಾಕಿದ್ದರಿಂದ ಮಾತ್ರ ಅವರ ಅರ್ಜಿ ಉಳಿಯಿತು. ಆ ಗಡುವು ಕೊನೆಗೆ 2025ರ ಜನವರಿ 31ರ ತನಕ ಹೋಯಿತು. ಎಲ್ಲ ಗಡುವೂ ಹಾಗೆ ಮುಂದೆ ಹೋಗುವುದಿಲ್ಲ.

ಮೊದಲು ಲೆಕ್ಕ: ಯಾರು, ಯಾಕೆ ಕೇಳುತ್ತಾರೆ

ಕಡತ ಎಬ್ಬಿಸುವ ಮೊದಲು ಒಂದು ನೋಟುಪುಸ್ತಕ ತೆರೆಯಿರಿ. ಹಿಂದಿನ ಒಂದು ವರ್ಷದಲ್ಲಿ ಹಳೆಯ ದಾಖಲೆ ಎಷ್ಟು ಸಲ ಬೇಕಾಯಿತು, ಯಾರಿಗೆ, ಯಾವ ವರ್ಷದ್ದು, ಯಾವ ಕೆಲಸಕ್ಕೆ ಅಂತ ಬರೆದುಕೊಳ್ಳಿ. ತಂತ್ರಾಂಶದಲ್ಲಿ ಲಾಗಿನ್ ದಾಖಲೆ ಇದ್ದರೆ ಅದನ್ನೇ ಇಳಿಸಿಕೊಳ್ಳಬಹುದು. ಇಲ್ಲದಿದ್ದರೆ ತಪಾಲು ರಿಜಿಸ್ಟರ್ ನೋಡಿ ಬರೆಯಬೇಕು.

ಕೇಳುವವರ ಪಟ್ಟಿ ನಾವು ನೆನೆಸಿದ್ದಕ್ಕಿಂತ ಉದ್ದ ಇರುತ್ತದೆ. ಪಿಂಚಣಿ ನಿಗದಿ, ಪಿಎಫ್, ವೇತನ ಪರಿಷ್ಕರಣೆಯ ಬಾಕಿ, ಮರಣ ಹೊಂದಿದವರ ಕುಟುಂಬ, ಲಾಸ್ಟ್ ಪೇ ಸರ್ಟಿಫಿಕೇಟ್, ಆಡಿಟ್, ಕೋರ್ಟು. ಕೇರಳದಲ್ಲಿ ಸರಕಾರಿ ವೇತನ ಪರಿಷ್ಕರಣೆ 2004, 2009, 2014, 2019ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದೇ ಮಾದರಿ ಅನುಸರಿಸುವ ಸಂಸ್ಥೆಗಳಲ್ಲಿ ಒಂದು ಹಂತದ ನಿಗದಿ ತಪ್ಪಿದ್ದರೆ ಮುಂದಿನದೆಲ್ಲ ತಪ್ಪು. ತಪ್ಪು ಎಲ್ಲಿಂದ ಶುರುವಾಯಿತು ಅಂತ ಹುಡುಕಲು ಹಳೆಯ ತಿಂಗಳ ಪಟ್ಟಿಯೇ ಆಗಬೇಕು.

ಮಾಹಿತಿ ಹಕ್ಕಿನ ಅರ್ಜಿಯನ್ನು ಮರೆಯಬೇಡಿ. 2005ರ ಕಾಯ್ದೆ ಪ್ರಕಾರ 30 ದಿನದೊಳಗೆ ಉತ್ತರ ಹೋಗಬೇಕು. ಒಪ್ಪಂದ ಮುಗಿದಿದೆ, ಕಂಪ್ಯೂಟರ್ ತೆರೆಯುತ್ತಿಲ್ಲ ಅಂದರೆ ಆ 30 ದಿನ ನಿಲ್ಲುವುದಿಲ್ಲ.

ಈ ಲೆಕ್ಕದಿಂದ ಎರಡು ಪ್ರಯೋಜನ. ಮೇಲಿನವರು "ಇದು ಬೇಕಾ?" ಅಂತ ಕೇಳಿದಾಗ ಕೊಡಲು ಸಂಖ್ಯೆ ಇರುತ್ತದೆ. ಕಂಪನಿಯವರು ಹತ್ತು ಲಾಗಿನ್‌ನ ದರ ಹೇಳಿದಾಗ, ನಮಗೆ ಎರಡು ಸಾಕು ಅನ್ನಲು ಧೈರ್ಯ ಬರುತ್ತದೆ.

ಮೂಲ ಒಪ್ಪಂದವನ್ನು ಕೂತು ಓದಿ

ಹೆಚ್ಚಿನ ಕಡತಗಳಲ್ಲಿ ಇರುವುದು ವರ್ಕ್ ಆರ್ಡರ್‌ನ ನಕಲು ಮಾತ್ರ. ಸಹಿ ಬಿದ್ದ ಪೂರ್ತಿ ಒಪ್ಪಂದ, ಟೆಂಡರ್ ಕಾಗದ, ಆಮೇಲೆ ಆದ ತಿದ್ದುಪಡಿ, ಎಲ್ಲವನ್ನೂ ಒಟ್ಟು ಮಾಡಿ. ಓದುವಾಗ ಪೆನ್ಸಿಲ್ ಹಿಡಿದು ಗುರುತು ಹಾಕಬೇಕಾದದ್ದು ಇವು: ಕೊನೆಯ ದಿನ ಯಾವುದು, ಮುಂದುವರಿಸಬಹುದು ಅನ್ನುವ ಕಲಂ ಇದೆಯೇ, ಇದ್ದರೆ ಎಷ್ಟು ಸಲ, ಎಷ್ಟು ತಿಂಗಳು, ಹಳೆಯ ದರಕ್ಕೋ ಬೇರೆ ದರಕ್ಕೋ, ಎಷ್ಟು ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು, ದತ್ತಾಂಶ ಯಾರದು, ಒಪ್ಪಂದ ಮುಗಿದಾಗ ಅದನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ನಮಗೆ ಕೊಡಬೇಕು.

ಕೊನೆಯ ಎರಡು ಪ್ರಶ್ನೆಗೆ ಹಳೆಯ ಒಪ್ಪಂದಗಳಲ್ಲಿ ಉತ್ತರವೇ ಇರುವುದಿಲ್ಲ. ಸಂಬಳದ ತಂತ್ರಾಂಶ ಕೊಳ್ಳುವಾಗ ಎಲ್ಲರ ಗಮನ ಮುಂದಿನ ತಿಂಗಳ ಬಿಲ್ಲಿನ ಮೇಲೆ ಇರುತ್ತದೆ, ಹದಿನೈದು ವರ್ಷದ ಆಮೇಲಿನ ಅಕ್ಕನ ಮೇಲೆ ಇರುವುದಿಲ್ಲ. ಉತ್ತರ ಇಲ್ಲದಿದ್ದರೆ ಈ ಸಲದ ಮುಂದುವರಿಕೆಯಲ್ಲಿ ಅದನ್ನು ಸೇರಿಸಿಕೊಳ್ಳಬೇಕು. ಇಬ್ಬರೂ ಒಪ್ಪಿದರೆ ಇರುವ ಒಪ್ಪಂದವನ್ನು ಬದಲಿಸಲು 1872ರ ಕರಾರು ಕಾಯ್ದೆಯ 62ನೇ ಕಲಂ ದಾರಿ ಕೊಡುತ್ತದೆ.

ಮುಂದುವರಿಸುವ ಕಲಂ ಇಲ್ಲವೇ ಇಲ್ಲ ಅಂತಾದರೆ ಕೆಲಸ ಕೆಡಲಿಲ್ಲ, ಆದರೆ ಬೇರೆ ದಾರಿ ಹಿಡಿಯಬೇಕು. ಆಗ ಅದು ಒಬ್ಬರಿಂದಲೇ ಖರೀದಿ ಅಂತ ಲೆಕ್ಕ, ಅದಕ್ಕೆ ಕಾರಣ ಬರೆದು ತೋರಿಸಬೇಕಾಗುತ್ತದೆ. ಅದರ ಮಾತು ಮುಂದೆ ಬರುತ್ತದೆ.

ದಿನಗಳನ್ನು ಹಿಂದಿನಿಂದ ಎಣಿಸಿ

ಕೊನೆಯ ದಿನ ಮಾರ್ಚ್ 31 ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚಿನ ಒಪ್ಪಂದಗಳು ಅವತ್ತೇ ಮುಗಿಯುವುದು. ಮಾರ್ಚ್ ತಿಂಗಳಲ್ಲಿ ಹಣಕಾಸು ಸೆಕ್ಷನ್‌ನವರು ನಿಮ್ಮ ಕಡತ ತೆರೆಯುವುದೂ ಇಲ್ಲ. ವರ್ಷಾಂತ್ಯದ ಬಿಲ್ಲುಗಳ ರಾಶಿ ಅವರ ಮುಂದೆ ಇರುತ್ತದೆ. ನಮ್ಮ ಕಡತ ರಾಜ್ಯದ ಈ ತುದಿಯಿಂದ ಆ ತುದಿಗೆ, ತಿರುವನಂತಪುರದ ಮುಖ್ಯ ಕಚೇರಿಗೆ ಹೋಗಬೇಕು. ಇ-ಆಫೀಸ್ ಬಂದ ಮೇಲೆ ಕಡತಕ್ಕೆ ರೈಲು ಬೇಡ, ನಿಜ. ಆದರೆ ಅಲ್ಲಿಂದ ಬರುವ ಪ್ರಶ್ನೆಗಳಿಗೆ ಉತ್ತರ ಬರೆಯಲು ದಿನ ಬೇಕೇ ಬೇಕು.

ಹಾಗಾಗಿ ಅಕ್ಟೋಬರಿನಲ್ಲಿ ಲೆಕ್ಕ ಮತ್ತು ಓದು ಮುಗಿಯಲಿ. ನವೆಂಬರಿನಲ್ಲಿ ಕಂಪನಿಗೆ ಪತ್ರ ಹೋಗಲಿ, ದರ ಕೇಳಿ. ಡಿಸೆಂಬರಿನಲ್ಲಿ ಟಿಪ್ಪಣಿ ಮೇಲೆ ಹೋಗಲಿ. ಜನವರಿ ಕೊನೆಗೆ ಮಂಜೂರಾತಿ ಕೈಯಲ್ಲಿರಬೇಕು. ಫೆಬ್ರವರಿಯಲ್ಲಿ ಪೂರಕ ಒಪ್ಪಂದಕ್ಕೆ ಸಹಿ. ಮಾರ್ಚ್ ತಿಂಗಳನ್ನು ಖಾಲಿ ಬಿಡಿ. ಚುನಾವಣೆ ಹತ್ತಿರ ಇದ್ದರೆ ಇನ್ನೂ ಎರಡು ತಿಂಗಳು ಮೊದಲೇ ಹೊರಡಿ. ನೀತಿ ಸಂಹಿತೆ ಜಾರಿಗೆ ಬಂದ ಮೇಲೆ ಎಲ್ಲರೂ ಹೊಸ ಸಹಿಗೆ ಕೈ ಹಾಕಲು ಹಿಂಜರಿಯುತ್ತಾರೆ.

ಒಂದು ದಿನ ತಪ್ಪಿದರೂ ಆಗುವುದಿಲ್ಲ ಅನ್ನುವುದನ್ನು ನಾನು ಕಷ್ಟಪಟ್ಟು ಕಲಿತದ್ದು. ಜೀವ ಇರುವ ಒಪ್ಪಂದವನ್ನು ಮಾತ್ರ ಮುಂದುವರಿಸಲು ಬರುತ್ತದೆ. ಏಪ್ರಿಲ್ 1ರಂದು ಮಾಡುವುದು ಹೊಸ ಒಪ್ಪಂದ. ಅದಕ್ಕೆ ಹೊಸ ಮಂಜೂರಾತಿ, ಹೊಸ ದರ, ನಡುವಿನ ದಿನಗಳಿಗೆ ಆಡಿಟ್‌ನ ಪ್ರಶ್ನೆ.

ಮುಂದುವರಿಸಬೇಕೋ, ದಾಖಲೆ ಮನೆಗೆ ತರಬೇಕೋ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವರ್ಷ ವರ್ಷ ಮುಂದುವರಿಸುತ್ತ ಹೋಗುವುದು ಸರಿಯಲ್ಲ. ನಮ್ಮ ನೌಕರರ ಸಂಬಳದ ಚರಿತ್ರೆ ನಮ್ಮದು. ಅದನ್ನು ನೋಡಲು ನಾವೇ ಬಾಡಿಗೆ ಕೊಡುವ ಸ್ಥಿತಿ ತಾತ್ಕಾಲಿಕವಾಗಿರಬೇಕು. ಆದ್ದರಿಂದ ಮುಂದುವರಿಕೆಯನ್ನು ಒಂದೇ ಉದ್ದೇಶಕ್ಕೆ ಕೇಳಿ: ಈ ಅವಧಿಯೊಳಗೆ ದಾಖಲೆಯೆಲ್ಲ ನಮ್ಮ ಕೈಗೆ, ಯಾವ ಕಂಪನಿಯ ಹಂಗೂ ಇಲ್ಲದೆ ಓದಬಹುದಾದ ರೂಪದಲ್ಲಿ ಬರಬೇಕು. ಹನ್ನೆರಡು ತಿಂಗಳು ಸಾಕಾಗುತ್ತದೆ. ಸಿಬ್ಬಂದಿ ಸಾವಿರಕ್ಕೆ ಮೀರಿದ್ದು, ದಾಖಲೆ ಗೋಜಲಾಗಿದ್ದರೆ ಹದಿನೆಂಟು. ಅದಕ್ಕಿಂತ ಹೆಚ್ಚು ಕೇಳಬೇಡಿ.

ಬೇರೆ ಕಂಪನಿಗೆ ಟೆಂಡರ್ ಕರೆಯುವುದು ಈ ಕೆಲಸಕ್ಕೆ ಹೆಚ್ಚಾಗಿ ಒಗ್ಗುವುದಿಲ್ಲ. ಹಳೆಯ ತಂತ್ರಾಂಶದ ಕೀಲಿ ಅದನ್ನು ಬರೆದವರ ಕೈಯಲ್ಲಿರುತ್ತದೆ. ಆದರೆ ದಾಖಲೆಯ ಬ್ಯಾಕಪ್ ಈಗಾಗಲೇ ನಿಮ್ಮ ಸರ್ವರಿನಲ್ಲೇ ಇದ್ದರೆ ನಿಲ್ಲಿ, ಮರು ಯೋಚನೆ ಮಾಡಿ. ಬಹುಶಃ ನಿಮಗೆ ಬೇಕಾದದ್ದು ಮುಂದುವರಿಕೆಯಲ್ಲ, ಒಂದು ತಿಂಗಳು ಕೂತು ದಾಖಲೆ ಹೊರತೆಗೆದು ಕೊಡುವ ಒಬ್ಬ ಜಾಣ ಕೆಲಸಗಾರ.

ಟಿಪ್ಪಣಿ ಬರೆಯುವುದು

ಮಂಜೂರಾತಿ ಸಿಗುವುದೂ ಸಿಗದಿರುವುದೂ ಈ ಎರಡು ಪುಟದ ಮೇಲೆ ನಿಂತಿದೆ. ಯಾವ ನಿಯಮ ನಿಮಗೆ ಅನ್ವಯ ಅಂತ ಮೊದಲು ತೀರ್ಮಾನಿಸಿ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಸಂಸ್ಥೆಗಳವರು ತಮ್ಮದೇ ಖರೀದಿ ನಿಯಮ ಇಲ್ಲದ ಕಡೆ 2017ರ ಸಾಮಾನ್ಯ ಹಣಕಾಸು ನಿಯಮ ನೋಡಬೇಕು. ಅದರ 166ನೇ ನಿಯಮ ಒಬ್ಬರಿಂದಲೇ ಖರೀದಿಸುವ ಸಂದರ್ಭಗಳನ್ನು ಹೇಳುತ್ತದೆ. ಆ ವಸ್ತು ಆ ಒಂದೇ ಕಂಪನಿಯಲ್ಲಿ ಸಿಗುವಂಥದ್ದು ಅಂತ ಪ್ರಮಾಣಪತ್ರ ಬರೆದು ಕಡತಕ್ಕೆ ಸೇರಿಸಬೇಕು. ರಾಜ್ಯದ ಇಲಾಖೆಗಳಿಗೆ ಸ್ಟೋರ್ಸ್ ಪರ್ಚೇಸ್ ಮ್ಯಾನುಯಲ್‌ನ 2013ರ ಪರಿಷ್ಕೃತ ಆವೃತ್ತಿ ಮತ್ತು ಕೇರಳ ಫೈನಾನ್ಶಿಯಲ್ ಕೋಡ್. ನಿಗಮಗಳಿಗೆ ತಮ್ಮ ಆಡಳಿತ ಮಂಡಳಿ ಒಪ್ಪಿದ ಖರೀದಿ ನಿಯಮ.

ಟಿಪ್ಪಣಿಯಲ್ಲಿ "ಕಚೇರಿಯ ಸುಗಮ ಕಾರ್ಯಕ್ಕಾಗಿ" ಅನ್ನುವ ಮಾತು ಹಾಕಬೇಡಿ. ಅದನ್ನು ಓದಿದವರು ಏನನ್ನೂ ಓದಿದಂತಾಗುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು:

"ಹಳೆಯ ಸಂಬಳ ತಂತ್ರಾಂಶದಲ್ಲಿ ಇಂಥ ವರ್ಷದಿಂದ ಇಂಥ ವರ್ಷದ ತನಕ, ಇಷ್ಟು ನೌಕರರ ಮಾಸಿಕ ವೇತನ ವಿವರ ಇದೆ. ಇದು ಹೊಸ ತಂತ್ರಾಂಶಕ್ಕೆ ವರ್ಗಾವಣೆಯಾಗಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಇಷ್ಟು ಸಲ ಇದನ್ನು ಬಳಸಲಾಗಿದೆ, ವಿವರ ಜತೆಗಿದೆ. ಮುಂದಿನ ಎರಡು ವರ್ಷಗಳಲ್ಲಿ ನಿವೃತ್ತರಾಗಲಿರುವ ಇಷ್ಟು ಮಂದಿಯ ಪಿಂಚಣಿ ಕಾಗದಕ್ಕೆ ಇದು ಬೇಕು. ಪ್ರಸ್ತುತ ಒಪ್ಪಂದ ಇಂಥ ದಿನ ಮುಗಿಯುತ್ತದೆ. ಹನ್ನೆರಡು ತಿಂಗಳ ಮುಂದುವರಿಕೆ ಕೇಳುತ್ತಿರುವುದು ದಾಖಲೆಯನ್ನು ಸಂಸ್ಥೆಯ ಸ್ವಾಧೀನಕ್ಕೆ ತರುವ ಕೆಲಸ ಮುಗಿಸಲು. ಆ ಕೆಲಸದ ಹಂತಗಳು ಜತೆಗಿವೆ. ಆಮೇಲೆ ಮುಂದುವರಿಕೆಯ ಅಗತ್ಯ ಇರುವುದಿಲ್ಲ."

ಕೊನೆಯ ವಾಕ್ಯ ಮೇಲಧಿಕಾರಿಗಳಿಗೆ ನೆಮ್ಮದಿ ಕೊಡುತ್ತದೆ. ಅದನ್ನು ಬರೆದ ಮೇಲೆ ನಡೆಸಿಕೊಡಬೇಕಾದವರು ನೀವೇ. ದರ ಯಾಕೆ ಸಮಂಜಸ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಬರುತ್ತದೆ, ಆ ಶೀರ್ಷಿಕೆಯಲ್ಲಿ ಎಷ್ಟು ಉಳಿದಿದೆ ಅನ್ನುವ ಮೂರು ಸಾಲು ಸೇರಿಸಿ ಮುಗಿಸಿ.

ದರದ ಮಾತುಕತೆ

ಕಂಪನಿಯವರು ಹಳೆಯ ಪೂರ್ತಿ ನಿರ್ವಹಣಾ ದರಕ್ಕೇ ಇಷ್ಟು ಶೇಕಡಾ ಏರಿಸಿ ಪತ್ರ ಕಳಿಸುತ್ತಾರೆ. ಒಪ್ಪಬೇಡಿ. ಪೂರ್ತಿ ನಿರ್ವಹಣೆ ಅಂದರೆ ತಿಂಗಳು ತಿಂಗಳು ಬಿಲ್ಲು, ತೆರಿಗೆ ನಿಯಮದ ಬದಲಾವಣೆ, ಕರೆದಾಗ ಬಂದು ಸರಿಮಾಡುವುದು. ಈಗ ಅದೊಂದೂ ಇಲ್ಲ. ಸುಮ್ಮನೆ ಓದುವ ಪ್ರವೇಶ. ಸರ್ವರ್ ಬಾಡಿಗೆ ಎಷ್ಟು, ಲಾಗಿನ್‌ಗೆ ಎಷ್ಟು, ಬ್ಯಾಕಪ್‌ಗೆ ಎಷ್ಟು, ದಾಖಲೆ ಹೊರತೆಗೆದು ಕೊಡಲು ಒಂದು ಸಲಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದು ಕೊಡಲು ಹೇಳಿ. ಬಿಡಿಸಿದ ಕೂಡಲೇ ಮಾತಾಡಲು ಜಾಗ ಸಿಗುತ್ತದೆ.

18 ಶೇಕಡಾ ಜಿಎಸ್‌ಟಿ ದರದ ಒಳಗೋ ಹೊರಗೋ ಅಂತ ಸ್ಪಷ್ಟ ಮಾಡಿಕೊಳ್ಳಿ. ಒಪ್ಪಂದದ ಒಟ್ಟು ಮೌಲ್ಯ 2.5 ಲಕ್ಷ ರೂಪಾಯಿ ಮೀರಿದರೆ ಸರಕಾರಿ ಸಂಸ್ಥೆಗಳು ಕಂಪನಿಗೆ ಕೊಡುವ ಹಣದಿಂದ 2 ಶೇಕಡಾವನ್ನು ಜಿಎಸ್‌ಟಿ ಟಿಡಿಎಸ್ ಅಂತ ಹಿಡಿಯಬೇಕು. ಮೂಲ ಒಪ್ಪಂದ ಆ ಮಿತಿಯೊಳಗಿದ್ದು ಮುಂದುವರಿಕೆಯಿಂದ ದಾಟುತ್ತದೆಯೇ ಅಂತ ಅಕೌಂಟ್ಸ್‌ನವರ ಹತ್ತಿರ ಮೊದಲೇ ಕೇಳಿ. ಹಣವನ್ನು ಮೂರು ತಿಂಗಳಿಗೊಮ್ಮೆ, ಸೇವೆ ಸಿಕ್ಕಿದ ಮೇಲೆ ಕೊಡುವ ಪದ್ಧತಿ ಇಟ್ಟುಕೊಳ್ಳಿ.

ಪೂರಕ ಒಪ್ಪಂದದಲ್ಲಿ ಇರಲೇಬೇಕಾದ ಮಾತುಗಳು

ಇ-ಮೇಲ್‌ನಲ್ಲಿ "ಒಂದು ವರ್ಷ ಮುಂದುವರಿಸಿದ್ದೇವೆ" ಅಂತ ಬರೆದು ಬಿಡುವವರಿದ್ದಾರೆ. ಅದು ಸಾಲದು. ಮುದ್ರಾಂಕ ಕಾಗದದ ಮೇಲೆ ಪೂರಕ ಒಪ್ಪಂದ ಆಗಲಿ, ಮೂಲ ಒಪ್ಪಂದದ ನಂಬರು, ತಾರೀಕು ಅದರಲ್ಲಿರಲಿ. ಸರಕಾರಿ ಇಲಾಖೆಯಾದರೆ ಸಂವಿಧಾನದ 299ನೇ ವಿಧಿ ನೆನಪಿರಲಿ: ಒಪ್ಪಂದ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯಲ್ಲಿ ಆಗಬೇಕು. ಸೆಕ್ಷನ್ ಸೂಪರಿಂಟೆಂಡೆಂಟ್ ಸಹಿ ಹಾಕಿದ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಗಮಗಳಲ್ಲಿ ಆ ಅಧಿಕಾರ ಯಾರಿಗಿದೆ ಅಂತ ಆಡಳಿತ ಮಂಡಳಿಯ ನಿರ್ಣಯದಲ್ಲಿರುತ್ತದೆ.

ಕಂಪನಿ ಕೆಲಸಕ್ಕೆ ಭದ್ರತೆಯಾಗಿ ಕೊಟ್ಟ ಬ್ಯಾಂಕ್ ಗ್ಯಾರಂಟಿಯನ್ನು ಎಲ್ಲರೂ ಮರೆಯುತ್ತಾರೆ. ಒಪ್ಪಂದ ಮುಂದೆ ಹೋಗುತ್ತದೆ, ಗ್ಯಾರಂಟಿ ಹಳೆಯ ದಿನಕ್ಕೇ ಸತ್ತುಹೋಗುತ್ತದೆ. ಕೇಂದ್ರದ ನಿಯಮದಲ್ಲಿ ಕೆಲಸದ ಹೊಣೆಯೆಲ್ಲ ಮುಗಿದ ಮೇಲೆ ಇನ್ನೂ 60 ದಿನ ಅದು ಜೀವಂತ ಇರಬೇಕು ಅಂತಿದೆ. ಹೊಸ ಅವಧಿಗೆ ಸರಿಯಾಗಿ ಅದನ್ನು ಮುಂದುವರಿಸಿದ ಪತ್ರ ಬ್ಯಾಂಕಿನಿಂದ ಬಂದ ಮೇಲೆಯೇ ಸಹಿ ಹಾಕಿಸಿ.

ಇನ್ನು ಒಳಗಿನ ಮಾತು. ದತ್ತಾಂಶ ಸಂಸ್ಥೆಯದ್ದು, ಬಾಕಿ ಹಣದ ತಕರಾರು ಇದ್ದರೂ ಪ್ರವೇಶ ಮುಚ್ಚುವಂತಿಲ್ಲ ಅನ್ನುವ ಸಾಲು ಮೊದಲು ಬರಲಿ. ಪ್ರವೇಶ ಅಂದರೆ ಏನು ಅಂತ ಬಿಡಿಸಿ ಬರೆಸಿ: ಎಷ್ಟು ಲಾಗಿನ್, ಯಾವ ವರ್ಷದಿಂದ ಯಾವ ವರ್ಷ, ಮುದ್ರಿಸಬಹುದೇ, ಪಟ್ಟಿಯಾಗಿ ಇಳಿಸಬಹುದೇ. "ಪ್ರವೇಶ ನೀಡಲಾಗುವುದು" ಅಂತ ಮಾತ್ರ ಇದ್ದ ಒಪ್ಪಂದದಡಿ ತೆರೆದು ನೋಡಲು ಬಿಟ್ಟು, ಮುದ್ರಣಕ್ಕೆ ಬೇರೆ ಹಣ ಕೇಳಿದ್ದನ್ನು ನಾನು ನೋಡಿದ್ದೇನೆ. ಸೇವೆ ನಿಂತರೆ ಎಷ್ಟು ಗಂಟೆಯೊಳಗೆ ಸರಿಮಾಡಬೇಕು, ಮಾಡದಿದ್ದರೆ ಎಷ್ಟು ಹಣ ಕಡಿತ, ಅದೂ ಇರಲಿ.

ಸಂಬಳದ ದಾಖಲೆಯಲ್ಲಿ ಬ್ಯಾಂಕ್ ಖಾತೆ, ಪಾನ್, ಆಧಾರ್, ಸಾಲದ ಕಂತು, ಕೋರ್ಟ್ ಜಪ್ತಿಯ ವಿವರ, ಅವಲಂಬಿತರ ಹೆಸರು ಎಲ್ಲ ಇರುತ್ತವೆ. ಒಬ್ಬ ಮನುಷ್ಯನ ಕಷ್ಟಸುಖ ಅದರಲ್ಲಿ ತಿಂಗಳು ತಿಂಗಳು ಬರೆದಿಟ್ಟಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಇನ್ನೊಬ್ಬರ ಕೈಯಲ್ಲಿ ದತ್ತಾಂಶ ಸಂಸ್ಕರಿಸುವುದಾದರೆ ಸಿಂಧುವಾದ ಒಪ್ಪಂದ ಇರಲೇಬೇಕು, ಹೊಣೆ ಮಾತ್ರ ಸಂಸ್ಥೆಯದ್ದೇ. ಸುರಕ್ಷತಾ ಕ್ರಮದಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿ ತನಕ ಹೋಗಬಹುದು. ಆದ್ದರಿಂದ ಅವಧಿ ಮುಗಿದ ಒಪ್ಪಂದದಡಿ "ಸ್ವಲ್ಪ ದಿನ ಹಾಗೇ ನಡೆಯಲಿ" ಅಂತ ಬಾಯಿಮಾತಿನ ಮೇಲೆ ದಾಖಲೆಯನ್ನು ಅವರ ಸರ್ವರಿನಲ್ಲಿ ಬಿಡುವುದು ಈಗ ಹಿಂದಿಗಿಂತ ಅಪಾಯ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಗಳನ್ನು) 180 ದಿನ ಇಡಬೇಕು, ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಇವೆರಡನ್ನೂ ಒಪ್ಪಂದದ ಭಾಗವಾಗಿಸಿ.

ಸರ್ವರ್ ಎಲ್ಲಿದೆ ಅಂತಲೂ ಬರೆಸಿ. ಕೇಂದ್ರ ಸರಕಾರದ ಕಚೇರಿ, ಕೇಂದ್ರದ ಉದ್ದಿಮೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಸಾರ್ವಜನಿಕ ದಾಖಲೆಯನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ನಿಯಮ ಮೀರಿ ನಾಶ ಮಾಡುವಂತಿಲ್ಲ. ಶಿಕ್ಷೆ 5 ವರ್ಷದ ಜೈಲಿನ ತನಕ ಇದೆ.

ಹೆಸರುಗಳ ಪರೀಕ್ಷೆ

ಸಹಿ ಹಾಕುವ ಮೊದಲು ಒಂದು ದಿನ ಇದಕ್ಕೆ ಇಡಿ. ಬೇರೆ ಜಿಲ್ಲೆಯವರಿಗೆ ಇದು ಅಷ್ಟು ಬೇಕಾಗದು, ನಮಗೆ ಬೇಕೇ ಬೇಕು.

ನಮ್ಮ ಜನರ ಹೆಸರು ಒಂದೇ ರೀತಿ ಬರೆದಿರುವುದಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಕಚೇರಿಯಲ್ಲಿ ಮಲಯಾಳ, ಬ್ಯಾಂಕಿನಲ್ಲಿ ಇಂಗ್ಲಿಷ್. ಐತ್ತಪ್ಪ ಅನ್ನುವವರು ಒಂದು ಕಡೆ ಐತಪ್ಪ, ಇನ್ನೊಂದು ಕಡೆ ಆಯಿತಪ್ಪ. ವೆಂಕಟ್ರಮಣರು ಒಂದು ವರ್ಷದ ಪಟ್ಟಿಯಲ್ಲಿ ವೆಂಕಟರಮಣನ್. ಕನ್ನಡದವರ ಇನಿಶಿಯಲ್ ಹೆಸರಿಗೆ ಮೊದಲು, ಕೇರಳದ ಪದ್ಧತಿಯಲ್ಲಿ ಹೆಚ್ಚಾಗಿ ಹೆಸರಾದ ಮೇಲೆ. ಕೆಲಸ ಮಾಡಿದ ಜಾಗದ ಹೆಸರೂ ಹಾಗೇ. ಹೊಸದುರ್ಗ ಅಂತ ಒಂದು ಪಟ್ಟಿ, ಕಾಞಂಗಾಡ್ ಅಂತ ಮತ್ತೊಂದು. ಹೆಸರು ಹಾಕಿ ಹುಡುಕಿದರೆ "ದಾಖಲೆ ಇಲ್ಲ" ಅಂತ ಬರುತ್ತದೆ, ದಾಖಲೆ ಅಲ್ಲೇ ಇರುತ್ತದೆ.

ಅಕ್ಷರದ ಒಳಗಿನ ತೊಡಕು ಇನ್ನೂ ಸೂಕ್ಷ್ಮ. ಹಳೆಯ ಕಾಲದಲ್ಲಿ ಮಲಯಾಳವನ್ನು ಐಎಸ್‌ಎಂ ಅನ್ನುವ ತಂತ್ರಾಂಶ ಹಾಕಿ ಕಾರ್ತಿಕ ಫಾಂಟ್‌ನಲ್ಲಿ, ಕನ್ನಡವನ್ನು ನುಡಿ, ಬರಹದಲ್ಲಿ ಟೈಪ್ ಮಾಡುತ್ತಿದ್ದರು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸದೆ ಇಳಿಸಿದರೆ ಅರ್ಥವಾಗದ ಗುರುತುಗಳ ಸಾಲು ಸಿಗುತ್ತದೆ. ಯೂನಿಕೋಡ್‌ನಲ್ಲೇ ಇದ್ದರೂ ಮಲಯಾಳದ ಚಿಲ್ಲಕ್ಷರಗಳ, ಅಂದರೆ ಸ್ವರ ಸೇರದ ವ್ಯಂಜನಗಳ, ತೊಂದರೆ ಇದೆ. 2008ರಲ್ಲಿ ಬಂದ ಯೂನಿಕೋಡ್ 5.1ರಲ್ಲಿ ಅವಕ್ಕೆ ಪ್ರತ್ಯೇಕ ಸಂಕೇತ ಸಿಕ್ಕಿತು. ಅದಕ್ಕೆ ಮೊದಲು ಅವನ್ನು ಮೂರು ಸಂಕೇತ ಜೋಡಿಸಿ ಬರೆಯುತ್ತಿದ್ದರು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕುವಾಗ ಒಂದಕ್ಕೊಂದು ಹೊಂದುವುದಿಲ್ಲ.

ಆದ್ದರಿಂದ ಹತ್ತು ಹೆಸರು ಆರಿಸಿ. ತೀರಾ ಹಳಬರು ಒಬ್ಬರು, ಸೇವೆಯಲ್ಲೇ ತೀರಿಕೊಂಡವರು ಒಬ್ಬರು, ವರ್ಗವಾಗಿ ಹೋದವರು, ದಿನಗೂಲಿಯಿಂದ ಖಾಯಂ ಆದವರು, ಸಸ್ಪೆನ್ಶನ್‌ನಲ್ಲಿದ್ದು ಮರಳಿದವರು, ಮದುವೆಯ ಮೇಲೆ ಹೆಸರು ಬದಲಾದವರು, ಕನ್ನಡ ಹೆಸರಿನ ಇಬ್ಬರು, ಮಲಯಾಳ ಹೆಸರಿನ ಇಬ್ಬರು. ಇವರ ಒಂದೊಂದು ತಿಂಗಳ ಸಂಬಳವನ್ನು ಕಂಪನಿಯವರ ಎದುರೇ ತೆರೆಯಿಸಿ, ಕಾಗದದ ರಿಜಿಸ್ಟರಿನ ಜತೆ ತಾಳೆ ನೋಡಿ. ಸಿಗದ ಹೆಸರು, ತಪ್ಪಿದ ಮೊತ್ತ ಎಲ್ಲವನ್ನೂ ಬರೆದು ಇಬ್ಬರ ಸಹಿ ಹಾಕಿಸಿ ಒಪ್ಪಂದಕ್ಕೆ ಲಗತ್ತಿಸಿ. ನೌಕರ ನಂಬರಿನಿಂದ ಹುಡುಕುವ ಸೌಲಭ್ಯ ಕಡ್ಡಾಯ ಅಂತ ಬರೆಸಿ. ಹೆಸರಿನ ಎಲ್ಲ ರೂಪಗಳನ್ನೂ ನಂಬರಿಗೆ ಜೋಡಿಸಿದ ಒಂದು ಪಟ್ಟಿ ನೀವೇ ಮಾಡಿಟ್ಟುಕೊಳ್ಳಿ. ಇದನ್ನು ಕಂಪನಿಯವರಿಂದ ಮಾಡಿಸಲಾಗದು. ಐತ್ತಪ್ಪ ಮತ್ತು ಆಯಿತಪ್ಪ ಒಬ್ಬರೇ ಅಂತ ಗೊತ್ತಿರುವುದು ನಮಗೆ, ಇಲ್ಲಿ ಹುಟ್ಟಿ ಬೆಳೆದವರಿಗೆ.

ಇದೇ ಸಂದರ್ಭದಲ್ಲಿ ಕೌಂಟರಿನಲ್ಲಿ ಕೊಡುವ ಕೋರಿಕೆ ನಮೂನೆಯನ್ನು ಕನ್ನಡದಲ್ಲೂ ಮುದ್ರಿಸಿ ಇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ತನ್ನದೇ ಸಂಬಳದ ಚೀಟಿ ಕೇಳಲು ಬಂದವರು ನಮೂನೆ ತುಂಬಿಸಲು ಇನ್ನೊಬ್ಬರನ್ನು ಹುಡುಕುವಂತಾಗಬಾರದು.

ಸಹಿಯಾದ ಮೇಲೆ

ಕೆಲಸ ಈಗ ಶುರು. ಮೊದಲ ಮೂರು ತಿಂಗಳಲ್ಲಿ ಒಂದು ವರ್ಷದ ದಾಖಲೆಯನ್ನು ಮಾತ್ರ ಹೊರತೆಗೆಸಿ ನೋಡಿ. ತಿಂಗಳ ವೇತನ ಪಟ್ಟಿ ಪಿಡಿಎಫ್-ಎ ರೂಪದಲ್ಲಿ ಬರಲಿ, ದೀರ್ಘ ಕಾಲ ಇಡಲೆಂದೇ ಮಾಡಿದ ರೂಪ ಅದು. ಅಂಕಿ ಅಂಶ ಯಾವ ತಂತ್ರಾಂಶದಲ್ಲೂ ತೆರೆಯುವ ಸರಳ ಪಟ್ಟಿಯಾದ ಸಿಎಸ್‌ವಿ ರೂಪದಲ್ಲಿ, ಯೂನಿಕೋಡ್ ಅಕ್ಷರದಲ್ಲಿ. ಯಾವ ಕಾಲಮ್ ಅಂದರೆ ಏನು ಅನ್ನುವ ವಿವರಪಟ್ಟಿ ಜತೆಗಿರಲಿ. "ಡಿ7" ಅಂತ ತಲೆಬರಹ ಇದ್ದ ಕಡಿತ ಯಾವುದು ಅಂತ ಹತ್ತು ವರ್ಷ ಕಳೆದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ತಿಂಗಳ ಒಟ್ಟು ಮೊತ್ತವನ್ನು ಆ ತಿಂಗಳ ಬಿಲ್ಲಿನ ಮೊತ್ತದೊಂದಿಗೆ ಹೊಂದಿಸಿ. ಹೊಂದಿದರೆ ಮಾತ್ರ ಮುಂದಿನ ವರ್ಷಗಳಿಗೆ ಹೋಗಿ. ಕೈಗೆ ಬಂದ ಕಂಪ್ಯೂಟರ್ ಕಡತಗಳಿಗೆ ಎಸ್‌ಎಚ್‌ಎ-256 ಮೊತ್ತ, ಅಂದರೆ ಕಡತದ ಬೆರಳಚ್ಚಿನಂಥ ಒಂದು ಸಂಕೇತ, ತೆಗೆದು ಬರೆದಿಡಿ, ಆಮೇಲೆ ಯಾರಾದರೂ ಮುಟ್ಟಿದ್ದರೆ ಅದರಿಂದ ತಿಳಿಯುತ್ತದೆ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ.

ಕಾಗದದ ರಿಜಿಸ್ಟರುಗಳನ್ನು ಇದರ ನಡುವೆ ಎಸೆಯಬೇಡಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ನೆಲದ ಮೇಲಿಟ್ಟರೆ ಗೆದ್ದಲು, ಗೋಡೆಗೆ ತಾಗಿಸಿದರೆ ತೇವ. ಕಬ್ಬಿಣದ ಕಪಾಟು ಗೋಡೆಯಿಂದ ಒಂದು ಗೇಣು ದೂರ ಇರಲಿ, ಮಳೆಗಾಲ ಶುರುವಾಗುವ ಮೊದಲು ಮೇ ತಿಂಗಳಲ್ಲಿ ಒಮ್ಮೆ ಎಲ್ಲವನ್ನೂ ಹೊರತೆಗೆದು ಗಾಳಿಯಾಡಿಸಿ.

ಅವಧಿಯ ಕೊನೆಗೆ, ದಾಖಲೆ ಪೂರ್ತಿ ಬಂದಿದೆ ಅಂತ ನೀವು ಬರೆದುಕೊಟ್ಟ ಮೇಲೆಯೇ ಕಂಪನಿ ತನ್ನಲ್ಲಿರುವ ಪ್ರತಿಯನ್ನು ಅಳಿಸಬೇಕು, ಅಳಿಸಿದ್ದಕ್ಕೆ ಪ್ರಮಾಣಪತ್ರ ಕೊಡಬೇಕು. ಬ್ಯಾಂಕ್ ಗ್ಯಾರಂಟಿ ವಾಪಸು ಹೋಗುವುದು ಅದರ ಆಮೇಲೆ.

ಇದರ ನಡುವೆ ನಿಮಗೆ ವರ್ಗವಾಗಬಹುದು, ನಿವೃತ್ತಿಯಾಗಬಹುದು. ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ಮೇಜು, ಕುರ್ಚಿ, ಸೀಲು, ಕೀಲಿಗೊಂಚಲು ಬರೆಯುತ್ತೇವಲ್ಲ, ಅದರ ಕೆಳಗೆ ಇನ್ನು ನಾಲ್ಕು ಸಾಲು ಬರೆಯಿರಿ: ಹಳೆ ಸಂಬಳ ದಾಖಲೆ ಒಪ್ಪಂದದ ನಂಬರು, ಅದು ಮುಗಿಯುವ ದಿನ, ನೋಟಿಸ್ ಕೊಡಬೇಕಾದ ಕೊನೆಯ ದಿನ, ಪಾಸ್‌ವರ್ಡ್ ಇರುವ ಮೊಹರು ಮಾಡಿದ ಲಕೋಟೆ ಯಾವ ಕಪಾಟಿನಲ್ಲಿದೆ. ಚಾರ್ಜ್ ತೆಗೆದುಕೊಳ್ಳುವವರಿಗೆ ಆ ಲಕೋಟೆಯನ್ನು ಕಣ್ಣಾರೆ ತೋರಿಸಿ, ಸಹಿ ಹಾಕಿಸಿಕೊಳ್ಳಿ.